ಹತ್ತೊಂಬತ್ತು ಪಂದ್ಯಗಳ ನಾಯಕ

ಸ್ಲೇಟ್ ಹಾರ್ಬರ್, ಒಂಟಾರಿಯೊ
೨೯ ಸೆಪ್ಟೆಂಬರ್ ೧೯೯೭

ಮಾನ್ಯ ಶ್ರೀ ತೈಸ್ತೊ ಹಕಲಾ ಅವರಿಗೆ,

ಮೊದಲು ಕ್ಷಮೆ ಕೇಳಬೇಕು. ಈ ತಿಂಗಳ ಎರಡನೆಯ ತಾರೀಕು, ನಾನು ಬರೆದ ನಮ್ಮ ತಂಡದ ಚರಿತ್ರೆಯ ಪುಸ್ತಕದ ಜೊತೆಗಿಟ್ಟು ಕಳುಹಿಸಿದ ಪತ್ರದಲ್ಲಿ, ನಿಮ್ಮ ಎಡಭುಜ ಮುರಿದದ್ದು ೧೯೬೩ರ ಫೆಬ್ರವರಿ ಹನ್ನೊಂದರಂದು ಎಂದು ಬರೆದಿದ್ದೆ. ಪುಸ್ತಕದಲ್ಲಿಯೂ ಹಾಗೆಯೇ ಅಚ್ಚಾಗಿದೆ. ಮೊನ್ನೆ ಪಂದ್ಯದ ಹಾಳೆಯನ್ನು ತೆಗೆದು ನೋಡಿದೆ. ನೀವು ಆಟದ ನಡುವೆ ಹೊರನಡೆದದ್ದು ಹನ್ನೆರಡರಂದು, ಎರಡನೆಯ ಅವಧಿಯ ಹದಿನಾಲ್ಕನೆಯ ನಿಮಿಷದಲ್ಲಿ. ಲೂನ್ಸ್ ಐಸ್ ಹಾಕಿ ತಂಡದ ಅಂಕಲೇಖಕನಾಗಿ ನಲವತ್ತೊಂದು ಋತು ಕುಳಿತವನು, ಹೊಟ್ಟೆಪಾಡಿಗೆ ಭೂದಾಖಲೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಗಡಿಗುರುತುಗಳನ್ನು ಬರೆದವನು, ಇಂಥ ತಪ್ಪು ಮಾಡಬಾರದಿತ್ತು. ದಯವಿಟ್ಟು ತೊಂಬತ್ತೆರಡನೆಯ ಪುಟದಲ್ಲಿ ನಿಮ್ಮ ಕೈಯಿಂದಲೇ ತಿದ್ದಿಕೊಳ್ಳಿ.

ಇನ್ನೊಂದು ವಿಷಯ. ಡಿಸೆಂಬರ್ ಇಪ್ಪತ್ತರ ಶನಿವಾರ, ಪಂದ್ಯಕ್ಕೆ ಮೊದಲು, ಡೂಗಲ್ ಮೆಕ್‌ಆಸ್ಕಿಲ್‌ನ ಹೆಸರಿನ ಬ್ಯಾನರನ್ನು ಹಿಮದಂಗಳವಿರುವ ನಮ್ಮ ರಿಂಕಿನ ಸೂರಿಗೆ ಏರಿಸುತ್ತೇವೆ. ನಮ್ಮ ಲೀಗಿನಲ್ಲಿ ಹನ್ನೊಂದು ಋತು ನಡುವೆ ತುಂಡಿಲ್ಲದೆ ನಾಯಕನಾಗಿದ್ದವನು ಅವನೊಬ್ಬನೇ. ಕ್ಯಾಪ್ಟನ್ ಎಂಬುದರ ಗುರುತಾಗಿ ಸ್ವೆಟರಿನ ಎಡ ಎದೆಗೆ ಹೊಲಿಯುವ ಆ ‘ಸಿ’ ಅಕ್ಷರ ೧೯೫೫ರಿಂದ ೧೯೬೬ರವರೆಗೆ ಅವನ ಎದೆಯಿಂದ ಇನ್ನೊಂದು ಎದೆಗೆ ಹೋಗಲಿಲ್ಲ. ಅವನು ನನ್ನ ತಂಗಿ ಗ್ವೆನ್ನಳ ಗಂಡನೆಂಬ ಕಾರಣಕ್ಕೆ ಇದನ್ನು ಹೇಳುತ್ತಿಲ್ಲ, ದಾಖಲೆ ಹೇಳುತ್ತಿದೆ. ಗ್ವೆನ್ ತೀರಿಕೊಂಡು ಎಂಟು ವರ್ಷವಾಯಿತು. ಕಾಗದದ ಗಿರಣಿಯ ಗಾಳಿ ಡೂಗಲ್‌ನ ಶ್ವಾಸಕೋಶವನ್ನು ತಿಂದುಹಾಕಿದೆ. ಡಿಸೆಂಬರ್ ದಾಟುತ್ತಾನೆಂದು ವೈದ್ಯರು ಖಚಿತವಾಗಿ ಹೇಳುವುದಿಲ್ಲ.

ಹಳೆಯ ತಂಡದವರಲ್ಲಿ ಉಳಿದವರು ಕಡಿಮೆ. ಬರಲಾದರೆ ಬನ್ನಿ.

ಇಂತು ನಿಮ್ಮ ವಿಶ್ವಾಸಿ,
ಎಮ್ಲಿನ್ ಪ್ರೊಬರ್ಟ್

ಸೊಯಿಂತುಲಾ, ಬ್ರಿಟಿಷ್ ಕೊಲಂಬಿಯಾ
೧೧ ಅಕ್ಟೋಬರ್ ೧೯೯೭

ಶ್ರೀ ಪ್ರೊಬರ್ಟ್ ಅವರಿಗೆ,

ಭುಜದ ವಿಷಯ ಬಿಡಿ. ಹನ್ನೊಂದರಂದೂ ನೋಯುತ್ತಿತ್ತು, ಹನ್ನೆರಡರಂದೂ ನೋಯುತ್ತಿತ್ತು, ಇವತ್ತೂ ನೋಯುತ್ತಿದೆ. ತಿದ್ದಬೇಕಾದದ್ದು ತೊಂಬತ್ತೆರಡನೆಯ ಪುಟವಲ್ಲ, ನಲವತ್ತೊಂದನೆಯದು.

೧೯೬೨ರ ಜನವರಿ ಹದಿನೆಂಟರಿಂದ ಮಾರ್ಚ್ ಎಂಟರವರೆಗೆ, ಹತ್ತೊಂಬತ್ತು ಪಂದ್ಯಗಳಲ್ಲಿ, ಲೂನ್ಸ್ ತಂಡದ ನಾಯಕ ನಾನು. ‘ಸಿ’ ನನ್ನ ಎದೆಯ ಮೇಲಿತ್ತು. ನಾನೇ ಹೊಲಿದುಕೊಂಡಿದ್ದೆ, ಸ್ಕೇಟಿನ ಚರ್ಮ ಹೊಲಿಯುವ ದಪ್ಪ ಸೂಜಿಯಿಂದ. ಸ್ವಲ್ಪ ಓರೆಯಾಗಿ ಕೂತಿತ್ತು.

ನಿಮ್ಮ ಪುಸ್ತಕ ಬಂದ ದಿನ ಇಲ್ಲಿ ಏನಾಯಿತೆಂದು ಹೇಳುತ್ತೇನೆ. ನನ್ನ ಮಗ ಎಸ್ಕೊ, ಮೀನುಗಾರ, ಇದೇ ದ್ವೀಪದಲ್ಲಿದ್ದಾನೆ. ಊಟದ ಮೇಜಿನ ಮೇಲೆ ಪುಸ್ತಕ ಬಿಚ್ಚಿದ.

“ಅಪ್ಪಾ, ನಿನ್ ಹೆಸ್ರು ಮೂರ್ ಕಡೆ ಇದೆ ನೋಡು. ಎರಡ್ರಲ್ಲಿ ಪೆನಾಲ್ಟಿ, ಒಂದ್ರಲ್ಲಿ ಭುಜ. ಕ್ಯಾಪ್ಟನ್ ಅನ್ನೋದು ಎಲ್ಲೂ ಇಲ್ವಲ್ಲಾ?”

“ಸರಿಯಾಗ್ ನೋಡು.”

“ಎರಡ್ ಸಲ ನೋಡ್ದೆ. ಅಬ್ಬಾ, ಮೂವತ್ತೈದು ವರ್ಷ ಎಂಥಾ ಬುರುಡೆ ಬಿಟ್ಟಿದೀಯಪ್ಪಾ! ನಾನು ಸ್ಕೂಲಲ್ಲೆಲ್ಲಾ ಹೇಳ್ಕೊಂಡ್ ಬಂದಿದ್ದೆ.”

ನಕ್ಕುಕೊಂಡೇ ಹೇಳಿದ. ಅವನು ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಮರುದಿನ ಸಹಕಾರಿ ಅಂಗಡಿಯಲ್ಲಿ, “ಏನ್ ಕ್ಯಾಪ್ಟನ್, ಕಾಫಿಪುಡಿ ಎಷ್ಟ್ ಕಟ್ಲಿ?” ಎಂದರು. ಈಗ ದ್ವೀಪದಲ್ಲೆಲ್ಲ ನನಗೆ ಅದೇ ಹೆಸರು. ಅದಾದರೂ ಹೋಗಲಿ. ಮೊನ್ನೆ, “ಮಧ್ಯಾಹ್ನಕ್ಕೆ ಗಾಳಿ ತಿರುಗುತ್ತೆ, ದೋಣಿ ಬಿಡಬೇಡ” ಎಂದೆ. ಎಸ್ಕೊ ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ದೋಣಿ ಬಿಟ್ಟ. ಗಾಳಿ ತಿರುಗಿತು. ಬದುಕಿ ಬಂದ. ಆದರೆ ಹಿಂದೆ ಅವನು ನನ್ನ ಇಂಥ ಮಾತನ್ನು ತೂಗಿ ನೋಡುತ್ತಿರಲಿಲ್ಲ.

ಅರವತ್ತೇಳು ವರ್ಷಕ್ಕೆ ನನ್ನಲ್ಲಿ ಉಳಿದಿರುವುದು ಮಾತೊಂದೇ. ಅದನ್ನು ನನಗೆ ಹಿಂದಿರುಗಿಸಿ.

ತೈಸ್ತೊ ಹಕಲಾ

ಸ್ಲೇಟ್ ಹಾರ್ಬರ್
೨೦ ಅಕ್ಟೋಬರ್ ೧೯೯೭

ಮಾನ್ಯ ಶ್ರೀ ಹಕಲಾ ಅವರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿಮ್ಮ ಮನೆಯಲ್ಲಿ ಆದ ಮುಜುಗರಕ್ಕಾಗಿ ವ್ಯಥೆಯಾಗಿದೆ. ಆದರೆ ವ್ಯಥೆಯೇ ಬೇರೆ, ದಾಖಲೆಯೇ ಬೇರೆ.

ನೀವು ಹೇಳುವ ಹತ್ತೊಂಬತ್ತು ಪಂದ್ಯಗಳಲ್ಲಿ ಹತ್ತು ಪರಊರಿನವು. ಅವುಗಳ ಹಾಳೆಗಳು ಲೀಗಿನ ಕಚೇರಿಗೆ ನೀರು ನುಗ್ಗಿದ ವರ್ಷ ನಾಶವಾದವು. ಉಳಿದ ಒಂಬತ್ತು ನಮ್ಮ ರಿಂಕಿನವು. ನನ್ನ ಬಳಿ ಇವೆ. ಪುಸ್ತಕ ಬರೆಯುವಾಗ ಒಂಬತ್ತನ್ನೂ ನೋಡಿದ್ದೆ, ನಿಮ್ಮ ಪತ್ರ ಬಂದ ಮೇಲೆ ಮತ್ತೆ ನೋಡಿದೆ. ಒಂಬತ್ತರಲ್ಲಿಯೂ ‘ಸಿ’ ಇರುವುದು ಏಳನೆಯ ಸಂಖ್ಯೆಯ ಪಕ್ಕದಲ್ಲಿ. ಏಳು ಡೂಗಲ್. ಹನ್ನೆರಡನೆಯ ಸಂಖ್ಯೆಯಾದ ನಿಮ್ಮ ಪಕ್ಕದಲ್ಲಿ ಏನೂ ಇಲ್ಲ. ಊರಿನ ಪತ್ರಿಕೆಯ ವರದಿಗಳೂ ಹಾಗೆಯೇ ಇವೆ.

ಒಂದು ಸಾಧ್ಯತೆಯನ್ನು ಸವಿನಯವಾಗಿ ಮುಂದಿಡುತ್ತೇನೆ. ಉಪನಾಯಕರು ‘ಎ’ ಅಕ್ಷರ ಧರಿಸುತ್ತಾರೆ. ನಾಯಕ ಹಿಮದ ಮೇಲಿಲ್ಲದಾಗ ರೆಫರಿಯೊಡನೆ ಮಾತನಾಡುವುದು ಅವರ ಪಾಲಿಗೆ ಬರುತ್ತದೆ. ನೀವು ಕೆಲವು ಪಂದ್ಯಗಳಲ್ಲಿ ಉಪನಾಯಕರಾಗಿದ್ದಿರಬಹುದು. ಮೂವತ್ತೈದು ವರ್ಷಗಳಲ್ಲಿ ನೆನಪು ಒಂದು ಅಕ್ಷರವನ್ನು ಇನ್ನೊಂದರ ಜಾಗದಲ್ಲಿ ಕೂರಿಸಿದ್ದರೆ ಅದು ಅಪರಾಧವಲ್ಲ.

ಇದನ್ನು ಡೂಗಲ್‌ಗೆ ತಿಳಿಸಿಲ್ಲ. ಅವನಿಗೆ ನೆಮ್ಮದಿ ಬೇಕಾಗಿದೆ.

ಎಮ್ಲಿನ್ ಪ್ರೊಬರ್ಟ್

ಸೊಯಿಂತುಲಾ
೩೦ ಅಕ್ಟೋಬರ್ ೧೯೯೭

ಪ್ರೊಬರ್ಟ್ ಅವರಿಗೆ,

‘ಎ’ ಯಾವುದು, ‘ಸಿ’ ಯಾವುದು ಎಂಬುದು ನನಗೆ ಗೊತ್ತು. ಹಾಳೆ ಹೇಳಿದ ಮೇಲೆ ಮನುಷ್ಯ ಬಾಯಿ ಮುಚ್ಚಬೇಕೆಂದು ನೀವು ಎಷ್ಟು ಮರ್ಯಾದೆಯಿಂದ ಬರೆಯುತ್ತೀರಿ! ನಿಮ್ಮ ಊರಿನವರಿಗೆ ಗೋಲು ಹೊಡೆಯಲು ಫಿನ್‌ಲೆಂಡಿನಿಂದ ವಲಸೆ ಬಂದ ನಮ್ಮಂಥ ಫಿನ್ನರು ಬೇಕಾಗಿದ್ದರು. ಗಿರಣಿಯ ಮುಷ್ಕರದಲ್ಲಿ ನಾವು ಬಾಗಿಲಿಗೆ ಅಡ್ಡ ನಿಂತ ಮೇಲೆ ನಮ್ಮ ಹೆಸರು ಹೇಳುವಾಗ ಎಲ್ಲರಿಗೂ ಗಂಟಲು ಕೆರೆಯುತ್ತಿತ್ತು. ಇದೂ ಅದೇ ಇರಬೇಕು ಎಂದುಕೊಂಡೆ. ತಪ್ಪಾಗಿದ್ದರೆ ತೋರಿಸಿ.

ಜನವರಿ ಹದಿನೆಂಟರ ಪಂದ್ಯ, ನಾಯಕನಾಗಿ ನನ್ನ ಮೊದಲನೆಯದು. ಪಕ್ ಬಿಲ್ಲೆ ಗೋಲಿನೊಳಗೆ ಹೋಗಿತ್ತು, ರೆಫರಿ ಒಪ್ಪಲಿಲ್ಲ. ನಾನು ಅವನ ಬಳಿ ಹೋದೆ.

“ನೀನ್ಯಾಕಯ್ಯಾ ಬಂದೆ? ಮಾತಾಡೋನ್ನ ಕಳ್ಸು.”

“ಮಾತಾಡೋನು ನಾನೇ.”

ಅವನು ನನ್ನ ಎದೆ ನೋಡಿದ. ಓರೆಯಾಗಿದ್ದ ಅಕ್ಷರವನ್ನು ಓದಲು ತಲೆಯನ್ನೂ ಓರೆ ಮಾಡಿದ. “ಹಂಗಾದ್ರೆ ಮಾತಾಡಪ್ಪಾ.”

ಆಗ ನನಗೆ ಬರುತ್ತಿದ್ದದ್ದು ಒಂಬತ್ತು ಇಂಗ್ಲಿಷ್ ಪದಗಳು. ಅದರಲ್ಲಿ ಆರಕ್ಕೆ ಎರಡು ನಿಮಿಷ ಹೊರಗೆ ಕೂರಿಸುವ ಪೆನಾಲ್ಟಿ ಇತ್ತು. ಒಂದನ್ನು ಬಳಸಿದೆ. ನಿಮ್ಮ ಪುಸ್ತಕದಲ್ಲಿ ಆ ಪೆನಾಲ್ಟಿ ಇದೆ, ನಲವತ್ತನೆಯ ಪುಟದಲ್ಲಿ. ‘ಅಸಭ್ಯ ಭಾಷೆ, ಹಕಲಾ, ಎರಡು ನಿಮಿಷ.’ ಬೈದದ್ದನ್ನು ಬರೆದುಕೊಂಡಿರಿ. ಬೈಯಲು ನನಗೆ ಹಕ್ಕು ಎಲ್ಲಿಂದ ಬಂತು ಎಂಬುದನ್ನು ಬಿಟ್ಟಿರಿ.

ಇನ್ನೊಂದೇ ಮಾತು. ಜನವರಿ ಇಪ್ಪತ್ತೇಳರ ಹಾಳೆ ನೋಡಿ. ಅಂದು ಡೂಗಲ್ ಆ ಕಟ್ಟಡದೊಳಗೇ ಇರಲಿಲ್ಲ.

ಅಕ್ಷರ ನನಗೆ ಯಾಕೆ ಬಂತೆಂದು ಕೇಳಬೇಡಿ. ಅದನ್ನು ಹೇಳುವುದು ನನ್ನ ಕೆಲಸವಲ್ಲ. ಡೂಗಲ್‌ನನ್ನೂ ಕೇಳಬೇಡಿ.

ಹಕಲಾ

ಸ್ಲೇಟ್ ಹಾರ್ಬರ್
೧೦ ನವೆಂಬರ್ ೧೯೯೭

ಪ್ರಿಯ ಹಕಲಾ ಅವರಿಗೆ,

ನಾಲ್ಕು ದಿನಗಳಿಂದ ಕುಳಿತಲ್ಲಿ ಕೂರಲಾಗುತ್ತಿಲ್ಲ. ಹಾಳೆಗಳನ್ನು ಮೇಜಿನ ಮೇಲೆ ಹರಡುತ್ತೇನೆ, ಕಟ್ಟಿಡುತ್ತೇನೆ, ಸರೋವರದ ದಂಡೆಗೆ ನಡೆದುಹೋಗುತ್ತೇನೆ, ಅರ್ಧದಾರಿಯಿಂದ ಹಿಂದಿರುಗಿ ಮತ್ತೆ ಹರಡುತ್ತೇನೆ.

ಜನವರಿ ಇಪ್ಪತ್ತೇಳರ ಹಾಳೆಯಲ್ಲಿ ಏಳನೆಯ ಸಂಖ್ಯೆಯ ಮೇಲೆ ಸೀಸದಕಡ್ಡಿಯ ಗೆರೆಯಿದೆ. ಪಕ್ಕದಲ್ಲಿ ‘ಆಡಲಿಲ್ಲ’ ಎಂದು ನನ್ನದೇ ಅಕ್ಷರ. ಅದೇ ಸಾಲಿನಲ್ಲಿ, ಗೆರೆಯ ಕೆಳಗೆ, ನೀಲಿ ಶಾಯಿಯ ‘ಸಿ’. ಕಟ್ಟಡದಲ್ಲೇ ಇರದ ಮನುಷ್ಯನನ್ನು ನಾನು ನಾಯಕನೆಂದು ಬರೆದಿದ್ದೇನೆ.

ಶಾಯಿ. ಅದನ್ನು ನಾನು ಮೂವತ್ತೈದು ವರ್ಷ ನೋಡಿಯೂ ನೋಡಲಿಲ್ಲ. ನಿಮಗೆ ನೆನಪಿರಬಹುದು, ಆ ಕಾಲದಲ್ಲಿ ಅಂಕಲೇಖಕರ ಗೂಡಿಗೆ ಒಲೆಯಿರಲಿಲ್ಲ. ಅಲ್ಲಿ ಶಾಯಿ ಹೆಪ್ಪುಗಟ್ಟುತ್ತಿತ್ತು. ರಿಂಕಿನಲ್ಲಿ ಬರೆದದ್ದೆಲ್ಲ ಸೀಸದಕಡ್ಡಿಯಲ್ಲಿ. ಶಾಯಿಯಲ್ಲಿ ಬರೆಯುತ್ತಿದ್ದದ್ದು ಮನೆಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ, ಹೆಸರು, ಸಂಖ್ಯೆ, ನಾಯಕನ ಗುರುತು, ಅಂದವಾಗಿ ಕಾಣಲೆಂದು. ಒಂಬತ್ತು ಹಾಳೆಗಳಲ್ಲಿಯೂ ‘ಸಿ’ ಶಾಯಿಯಲ್ಲಿದೆ. ಎಂದರೆ ಹಿಮದ ಮೇಲೆ ಯಾರು ನಿಂತರೆಂದು ನೋಡಿ ಬರೆದದ್ದಲ್ಲ. ಯಾರು ನಿಲ್ಲುತ್ತಾರೆಂದು ನನಗೆ ಗೊತ್ತಿತ್ತಲ್ಲ, ಅದನ್ನು ಬರೆದದ್ದು. ಪತ್ರಿಕೆಯವರು ನನ್ನ ಹಾಳೆಯನ್ನು ನಕಲು ಮಾಡುತ್ತಿದ್ದರು. ನನ್ನ ತಪ್ಪಿಗೆ ನನ್ನ ತಪ್ಪೇ ಸಾಕ್ಷಿಯಾಯಿತು.

ರಿಂಕಿನಲ್ಲಿ ತಲೆಯೆತ್ತಿ ನೋಡಿದ್ದರೆ ಅಲ್ಲಿಯೇ ತಿದ್ದುತ್ತಿದ್ದೆ. ಆ ವಾರಗಳಲ್ಲಿ ನಾನು ತಲೆಯೆತ್ತಲಿಲ್ಲ. ಯಾಕೆಂದು ನಿಮಗೆ ಗೊತ್ತಿರಬೇಕು. ಡೂಗಲ್ ಮತ್ತು ಗ್ವೆನ್ನಳ ಮಗು ನೆಸ್ತಾ ಆ ಜನವರಿ ಹದಿನಾಲ್ಕರಂದು ನಾಯಿಕೆಮ್ಮಿನಿಂದ ತೀರಿಕೊಂಡಿತು. ಹನ್ನೊಂದು ವಾರದ ಕೂಸು. ಹಿಂದಿನ ಡಿಸೆಂಬರಿನ ಒಂದು ಪಂದ್ಯದಂದು ಗ್ವೆನ್ ಅದನ್ನು ಕಂಬಳಿಯಲ್ಲಿ ಸುತ್ತಿ ತಂದು ಗೂಡಿನೊಳಗೆ ನನ್ನ ತೊಡೆಯ ಮೇಲಿಟ್ಟಿದ್ದಳು. ಅದು ನನ್ನ ಸೀಸದಕಡ್ಡಿಯನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಒಂದು ಗೋಲನ್ನು ನಾನು ಬಾಯಿಪಾಠವಿಟ್ಟುಕೊಂಡು ಆಮೇಲೆ ಬರೆಯಬೇಕಾಯಿತು. ಅದು ಹೋದ ಮೇಲೆ ಅದೇ ಗೂಡಿನಿಂದ ಅದೇ ಹಿಮವನ್ನು ನೋಡಲಾಗಲಿಲ್ಲ. ರೆಫರಿ ಕಿಟಕಿಗೆ ಬಂದು, “ಗೋಲು ಹನ್ನೆರಡು, ನೆರವು ಒಂಬತ್ತು” ಎಂದು ಆಟಗಾರರ ಸಂಖ್ಯೆ ಹೇಳುತ್ತಿದ್ದರು. ಬರೆಯಲು ಕಿವಿ ಸಾಕಾಗಿತ್ತು.

ಇದು ನೆಪವಲ್ಲ. ಹೇಗಾಯಿತೆಂದು ಹೇಳಿದೆ, ಅಷ್ಟೆ.

ಆದರೆ ನನ್ನ ಹಾಳೆ ಸುಳ್ಳಾಯಿತೆಂದ ಮಾತ್ರಕ್ಕೆ ನಿಮ್ಮ ಮಾತು ದಾಖಲೆಯಾಗುವುದಿಲ್ಲ. ಬ್ಯಾನರ್ ಹೊಲಿದು ಮುಗಿದಿದೆ. ‘ಹನ್ನೊಂದು ಋತು, ತುಂಡಿಲ್ಲದೆ’ ಎಂಬ ಅಕ್ಷರಗಳು ಅದರ ಮೇಲಿವೆ. ಅವನ್ನು ಬಿಚ್ಚಿಸಬೇಕಾದರೆ ಕಾರಣ ಬೇಕು. ಅದನ್ನು ನೀವು ಹೇಳುವುದಿಲ್ಲವಾದರೆ ಡೂಗಲ್‌ನನ್ನು ಕೇಳದೆ ವಿಧಿಯಿಲ್ಲ. ಇಪ್ಪತ್ತೈದರವರೆಗೆ ಕಾಯುತ್ತೇನೆ.

ಎಮ್ಲಿನ್ ಪ್ರೊಬರ್ಟ್

ಸೊಯಿಂತುಲಾ
೧೮ ನವೆಂಬರ್ ೧೯೯೭

ಎಮ್ಲಿನ್ ಅವರೇ,

ನಾಳೆಯಿಂದ ಅಂಚೆಯವರ ಮುಷ್ಕರವಂತೆ. ದೋಣಿ ಹೊರಡುವುದಕ್ಕೆ ಮುಂಚೆ ಇದನ್ನು ಡಬ್ಬಿಗೆ ಹಾಕಬೇಕು, ಆದ್ದರಿಂದ ನೇರವಾಗಿ ಹೇಳುತ್ತೇನೆ. ಡೂಗಲ್‌ನನ್ನು ಕೇಳಬೇಡಿ. ಬ್ಯಾನರನ್ನು ಬಿಚ್ಚಬೇಡಿ. ನನ್ನ ಹೆಸರು ಬೇಡ.

ನೀವು ನೋಡಿರಲಿಲ್ಲವೆಂಬುದು ನನಗೆ ಗೊತ್ತಿರಲಿಲ್ಲ. ನಿಮ್ಮ ಗೂಡು ನಮ್ಮ ಬೆಂಚಿನ ಎದುರಿಗೇ ಇತ್ತು. ನೀವು ಎಲ್ಲವನ್ನೂ ಕಂಡು, ತಂಗಿಯ ಮನೆಯ ವಿಷಯವೆಂದು ಸುಮ್ಮನಿದ್ದೀರಿ ಎಂದುಕೊಂಡಿದ್ದೆ. ಅದಕ್ಕಾಗಿ ನಿಮ್ಮ ಮೇಲೆ ಗೌರವವಿತ್ತು. ಪುಸ್ತಕ ಬಂದಾಗ, ಆ ಮೌನವನ್ನೇ ಸುಳ್ಳು ಮಾಡಿ ಅಚ್ಚು ಹಾಕಿಸಿದರಲ್ಲ ಎಂದು ಸಿಟ್ಟು ಬಂತು.

ನಡೆದದ್ದು ಇದು. ಚರ್ಚಿನಲ್ಲಿ ಮಗುವಿನ ಸಾವಿನ ಪ್ರಾರ್ಥನೆ ಮುಗಿದು ಎರಡು ದಿನವಾಗಿತ್ತು. ನಾವೆಲ್ಲ ಸ್ಕೇಟು ಕಟ್ಟಿಕೊಳ್ಳುತ್ತಿದ್ದೆವು. ಡೂಗಲ್ ಸ್ವೆಟರನ್ನು ತೊಡೆಯ ಮೇಲೆ ಹಾಸಿಕೊಂಡು ಚಾಕುವಿನಿಂದ ಅಕ್ಷರದ ದಾರ ಬಿಚ್ಚುತ್ತಿದ್ದ.

“ಏನೋ ಮಾಡ್ತಿದ್ದೀಯಾ?” ಎಂದೆ.

“ತಗೋ. ಹೊಲ್ಕೋ.”

“ನಂಗ್ಯಾಕೋ ಇದು? ನಂಗೆ ಮಾತೇ ಬರಲ್ಲ.”

“ನಂಗೂ ಬರ್ತಿಲ್ಲ ಕಣೋ ತೈಸ್ತೊ. ಬಾಯಿ ಬಿಟ್ರೆ ಬೇರೆ ಏನೋ ಬಂದ್ಬಿಡತ್ತೆ. ರೆಫರಿ ಮುಂದೆ ನಿಂತು ಅಳೋ ಕ್ಯಾಪ್ಟನ್ ಬೇಕಾ ನಿಮ್ಗೆ? ನಾನು ಕೇಳೋವರ್ಗೂ ನೀನೇ ಮಾತಾಡು.” ಆಮೇಲೆ ನನ್ನ ತೋಳು ಹಿಡಿದುಕೊಂಡ. “ಎಮ್ಲಿನ್‌ಗೆ ಹೇಳ್ಬೇಡ. ಅವ್ನಿಗೆ ಗೊತ್ತಾದ್ರೆ ಗ್ವೆನ್‌ಗೆ ಗೊತ್ತಾದಂಗೆ. ನಾನು ಗಟ್ಟಿಯಾಗಿದೀನಿ ಅಂದ್ಕೊಂಡು ಅವ್ಳು ಉಸಿರಾಡ್ತಿದಾಳೆ.”

ಮಾರ್ಚ್ ಹತ್ತರಂದು ಬಂದು ಕೈ ಚಾಚಿದ. ನಾನು ದಾರ ಬಿಚ್ಚಿ ಕೊಟ್ಟೆ.

ಮಗನಿಗೆ ನಾನು ನಾಯಕನಾಗಿದ್ದೆ ಎಂದಷ್ಟೇ ಹೇಳುತ್ತಾ ಬಂದೆ. ಹೇಗೆ ಎಂದು ಹೇಳಲಿಲ್ಲ. ಅರ್ಧ ಹೇಳಿದವನಿಗೆ ಇಷ್ಟಾಗಬೇಕಾದ್ದೇ. ನಿಮ್ಮ ಪತ್ರ ಓದಿದ ಮೇಲೆ ಅನ್ನಿಸಿತು, ಉಸಿರಿಗೆ ಒದ್ದಾಡುತ್ತಿರುವವನ ಎದುರಿಗೆ ಆ ದಿನವನ್ನು ತಂದಿಡುವುದಕ್ಕಿಂತ ನಾನು ಬುರುಡೆ ಬಿಟ್ಟವನಾಗಿ ಇದ್ದುಬಿಡುವುದು ಮೇಲು. ಅಂಗಡಿಯವರು ನಗಲಿ.

ಅಂದಹಾಗೆ ನನ್ನ ಭುಜ ಮುರಿದದ್ದು ಹನ್ನೊಂದರಂದೇ, ಅಭ್ಯಾಸದಲ್ಲಿ. ಯಾರಿಗೂ ಹೇಳದೆ ಹನ್ನೆರಡರಂದು ಆಡಿದೆ. ಇದನ್ನೂ ಅರ್ಧವೇ ಹೇಳಿದ್ದೆ.

ತೈಸ್ತೊ

ಸ್ಲೇಟ್ ಹಾರ್ಬರ್
೨೬ ನವೆಂಬರ್ ೧೯೯೭

ಪ್ರಿಯ ತೈಸ್ತೊ ಅವರಿಗೆ,

ಈ ಪತ್ರ ಯಾವಾಗ ಹೊರಡುತ್ತದೆಯೋ ಗೊತ್ತಿಲ್ಲ. ದಿನಾ ಅಂಚೆ ಕಚೇರಿಯವರೆಗೆ ನಡೆಯುತ್ತೇನೆ. ಬಾಗಿಲಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತ ಮುಷ್ಕರದವರು, “ತಾತಾ, ನಿಮ್ ಕಾಗ್ದ ಎಲ್ಲೂ ಓಡಿ ಹೋಗಲ್ಲ, ಮನೇಗ್ ಹೋಗಿ ಬೆಚ್ಚಗಿರಿ” ಎನ್ನುತ್ತಾರೆ. ನಿಮ್ಮ ಉತ್ತರ ಯಾವ ಮೂಟೆಯಲ್ಲಿ ಕುಳಿತಿದೆಯೋ! ಅಥವಾ ನೀವು ಬರೆದೇ ಇಲ್ಲವೋ! ಇಪ್ಪತ್ತೈದು ಬಂದೇಬಿಟ್ಟಿತು. ನಿನ್ನೆ ಡೂಗಲ್‌ನ ಬಳಿಗೆ ಹೋದೆ.

ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ, ಮೂಗಿಗೆ ಆಮ್ಲಜನಕದ ಕೊಳವೆ. ಹಾಳೆಯನ್ನು ಅವನ ಮೊಣಕಾಲಿನ ಮೇಲಿಟ್ಟೆ. ಬಹಳ ಹೊತ್ತು ನೋಡಿದ.

“ಭಾವಾ, ಇದೇನ್ ಇಷ್ಟ್ ಚೆನ್ನಾಗ್ ಬರ್ದಿದೀಯಾ!” ಎಂದು ಕೆಮ್ಮುತ್ತಾ ನಕ್ಕ.

“ಡೂಗಲ್, ಆ ದಿನಗಳಲ್ಲಿ ನಾಯಕ ಯಾರು?”

“ನಿಂಗೆ ಗೊತ್ತಿಲ್ವಾ?”

“ಇಲ್ಲ.”

“ನಿಜವಾಗ್ಲೂ? ಎದುರ್ಗಡೇನೇ ಕೂತಿದ್ಯಲ್ಲೋ!” ಅವನಿಗೆ ನಂಬಲು ಸ್ವಲ್ಪ ಹೊತ್ತು ಹಿಡಿಯಿತು. “ಹಕಲಾ. ನಾನೇ ಬಿಚ್ಚಿ ಕೊಟ್ಟೆ. ಅವ್ನ್ ಹೊಲಿಗೆ ನೋಡ್ಬೇಕಿತ್ತು ನೀನು, ದನ ಹೊಲ್ದಂಗಿತ್ತು. ಯಾರ್ಗೂ ಹೇಳ್ಬೇಡ ಅಂದಿದ್ದೆ. ಹೇಳ್ಲೇ ಇಲ್ವಾ ಇಲ್ಲೀವರ್ಗೂ?”

“ಕಾರಣ ಹೇಳಿಲ್ಲ. ಈಗಲೂ ಹೇಳಿಲ್ಲ.”

ಅವನು ಕಿಟಕಿಯ ಕಡೆಗೆ ತಿರುಗಿದ. ನಾನು, ಚಿಂತಿಸಬೇಡ, ಬ್ಯಾನರ್ ಇದ್ದಂತೆಯೇ ಇರುತ್ತದೆ, ಹಕಲಾರಿಗೆ ಪ್ರತ್ಯೇಕವಾಗಿ ಒಂದು ಪತ್ರ ಬರೆದುಕೊಡುತ್ತೇನೆ ಎಂದೆ. ಅವನನ್ನು ಸಮಾಧಾನಪಡಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವನು ಅಷ್ಟು ಸಿಟ್ಟಾದದ್ದನ್ನು ನಾನು ಹಿಮದ ಮೇಲೂ ಕಂಡಿರಲಿಲ್ಲ.

“ತುಂಡಿಲ್ದೆ ಅಂತ ಬರ್ಸಿದೀಯಾ? ಯಾರ್ ಹೇಳಿದ್ದು ಬರ್ಸು ಅಂತ? ತುಂಡಿಲ್ದೆ ಅಂದ್ರೆ ಏನೋ ಅರ್ಥ? ಆ ಚಳಿಗಾಲ್ದಲ್ಲಿ ಏನೂ ಆಗ್ಲಿಲ್ಲ ಅಂತ ತಾನೇ? ನನ್ ಮಗ್ಳಿಗೆ ಒಂದು ಫೋಟೋ ಇಲ್ಲ, ಭಾವಾ. ಆ ಹತ್ತೊಂಬತ್ತು ಪಂದ್ಯ ಬಿಟ್ರೆ ಅವ್ಳು ಇದ್ಲು ಅನ್ನೋದಕ್ಕೆ ಈ ಊರಲ್ಲಿ ಇನ್ನೇನಿದೆ? ಗ್ವೆನ್ ಇರೋವರ್ಗೂ ಮುಚ್ಚಿಟ್ಟೆ. ಈಗ ಯಾರಿಗೋಸ್ಕರ?” ಉಸಿರು ಸಿಕ್ಕಿಕೊಂಡಿತು. ನರ್ಸ್ ಓಡಿಬಂದು ನನ್ನನ್ನು ಗದರಿಸಿದಳು. ಅವನು ಅವಳ ಕೈಯನ್ನು ಸರಿಸಿ, “ನಾನೆಲ್ಲಿ ನಿಂತೆ ಅಂತ ಬರಿ. ಯಾರ್ ಹಿಡ್ಕೊಂಡ ಅಂತಾನೂ ಬರಿ” ಎಂದ.

ಇಷ್ಟು ವರ್ಷ ನಾನು ದಾಖಲೆ ಬರೆದೆ. ಒಂದು ಅಂಕಿ ಬಿಟ್ಟುಹೋದರೆ ಏನು ಬಿಟ್ಟುಹೋಗುತ್ತದೆಂದು ನನಗೆ ನಿನ್ನೆಯವರೆಗೆ ತಿಳಿದಿರಲಿಲ್ಲ.

ಎಮ್ಲಿನ್

ಸ್ಲೇಟ್ ಹಾರ್ಬರ್
೯ ಡಿಸೆಂಬರ್ ೧೯೯೭

ಪ್ರಿಯ ತೈಸ್ತೊ,

ನಿಮ್ಮ ಹದಿನೆಂಟರ ಪತ್ರ ಇವತ್ತು ಕೈಸೇರಿತು. ಕೇಳಬೇಡಿ ಎಂದಿದ್ದೀರಿ, ನಾನು ಕೇಳಿ ಎರಡು ವಾರವಾಯಿತು. ಮುಷ್ಕರವಿಲ್ಲದಿದ್ದರೆ ನಿಮ್ಮ ಮಾತಿಗೆ ಕಟ್ಟುಬಿದ್ದು ಸುಮ್ಮನಿರುತ್ತಿದ್ದೆ, ಸುಳ್ಳು ಬ್ಯಾನರ್ ಮೇಲೇರುತ್ತಿತ್ತು.

ನಿನ್ನೆ ರಿಂಕಿನ ಸಮಿತಿಯ ಮುಂದೆ ಹಾಳೆಗಳನ್ನಿಟ್ಟೆ. ಅಧ್ಯಕ್ಷ ಬಿಗಿನ್ಸ್ ತಲೆ ಚಚ್ಚಿಕೊಂಡ. “ಅಲ್ಲಾ ಸ್ವಾಮಿ, ಇನ್ನು ಹನ್ನೆರಡು ದಿನ ಇದೆ. ಹತ್ತೊಂಬತ್ತು ಪಂದ್ಯ ಯಾರಿಗ್ ಬೇಕು? ತುಂಡಾದ್ರೆ ಲೀಗ್ ದಾಖ್ಲೆ ಆ ಬ್ಲೈಂಡ್ ಪೋರ್ಟೇಜ್‌ನೋರ ಪಾಲಾಗತ್ತೆ. ಬೇರೆ ಯಾರಾದ್ರೂ ಆಗಿದ್ರೆ ಸರಿ, ಅವ್ರಿಗಾ?”

“ಹೌದು, ಅವರಿಗೇ” ಎಂದೆ. ಆ ಊರಿನ ಟೂಶೆಟ್ ಏಳು ಋತು ನಾಯಕನಾಗಿದ್ದ. ಡೂಗಲ್‌ನ ಮೊದಲ ಅವಧಿ ಈಗ ಆರೂವರೆ. ಬಿಗಿನ್ಸ್ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಆದರೆ ಚರ್ಚಿನ ಹೆಂಗಸರು ಬ್ಯಾನರನ್ನು ಮನೆಗೆ ಒಯ್ದು ಅಕ್ಷರ ಬಿಚ್ಚುತ್ತಿದ್ದಾರೆ.

ನೀವು ಬರುತ್ತೀರಾ? ಡೂಗಲ್ ದಿನಕ್ಕೆರಡು ಸಲ ಕೇಳುತ್ತಾನೆ.

ಎಮ್ಲಿನ್

ಸೊಯಿಂತುಲಾ
೧೪ ಡಿಸೆಂಬರ್ ೧೯೯೭

ಎಮ್ಲಿನ್,

ನಿಮ್ಮ ಇಪ್ಪತ್ತಾರರ ಪತ್ರ ಶುಕ್ರವಾರದ ದೋಣಿಯಲ್ಲಿ ಬಂತು. ಅದಕ್ಕಿಂತ ಹೊಸದೇನಾದರೂ ಬರೆದಿದ್ದರೆ ಇನ್ನೂ ತಲುಪಿಲ್ಲ. ಮೊದಲು ನಿಮ್ಮನ್ನು ಮನಸಾರೆ ಬೈದೆ. ಆಮೇಲೆ ಡೂಗಲ್ ಹೇಳಿದ್ದನ್ನು ಓದಿದೆ. ಹೊರಗೆ ಹೋಗಿ ಸೌದೆ ಒಡೆದೆ. ಭುಜದ ನೋವು ತಡೆಯಲಾರದಷ್ಟಾದ ಮೇಲೆ ಒಳಗೆ ಬಂದು ಎಸ್ಕೊನನ್ನು ಕರೆದು ನಿಮ್ಮ ಪತ್ರಗಳನ್ನೆಲ್ಲ ಅವನ ಮುಂದಿಟ್ಟೆ.

ಓದಿ ಮುಗಿಸಿ, “ಇಷ್ಟು ದಿನ ಯಾಕಪ್ಪಾ ಹೇಳ್ಲಿಲ್ಲ?” ಎಂದ.

“ಕ್ಯಾಪ್ಟನ್ ಆಗಿದ್ಯಾ ಅಂತ ಕೇಳ್ದೆ. ಹೌದು ಅಂದೆ. ಯಾಕೆ ಅಂತ ನೀನು ಕೇಳ್ಲಿಲ್ಲ.”

“ಕೇಳಿದ್ರೆ?”

“ಹೇಳ್ತಿರ್ಲಿಲ್ಲ.”

ಅವನು ಪುಸ್ತಕ ತೆಗೆದು ನಲವತ್ತೊಂದನೆಯ ಪುಟದ ಅಂಚಿನಲ್ಲಿ ಬರೆಯತೊಡಗಿದ. ತಡೆದೆ. ಬರೆಯಬೇಕಾದವರು ಬರೆಯಲಿ ಎಂದೆ. ಇವತ್ತು ಬೆಳಿಗ್ಗೆ ದೋಣಿಯ ಹತ್ತಿರ ಬಂದು, “ಗಾಳಿ ಹೇಗಿದೆ?” ಎಂದು ಕೇಳಿದ. ಬೇಡ ಎಂದೆ. ಹಗ್ಗ ಕಟ್ಟಿ ಕಾಫಿಗೆ ಬಂದ.

ಅದೇ ಗಾಳಿ. ದೊಡ್ಡ ದೋಣಿಯೂ ನಿಂತಿದೆ, ಇನ್ನೂ ಕೆಲವು ದಿನ ಹೀಗೆಯೇ ಅಂತೆ, ಹೊತ್ತಿಗೆ ಸರಿಯಾಗಿ ವಿಮಾನ ಹಿಡಿಯುವುದು ಆಗದ ಮಾತು. ಈ ಪತ್ರವಾದರೂ ಇಪ್ಪತ್ತರೊಳಗೆ ತಲುಪುತ್ತದೋ ಇಲ್ಲವೋ. ಡೂಗಲ್‌ಗೆ ಹೇಳಿ: ‘ಬರಿ’ ಎಂದು ಅವನೇ ಹೇಳುವವರೆಗೂ ಮಗನಿಗೂ ಹೇಳಲಿಲ್ಲ.

ತೈಸ್ತೊ

ಸ್ಲೇಟ್ ಹಾರ್ಬರ್
೨೨ ಡಿಸೆಂಬರ್ ೧೯೯೭

ಪ್ರಿಯ ತೈಸ್ತೊ,

ನಿಮ್ಮ ಪತ್ರ ಇವತ್ತು ಬಂತು. ಡೂಗಲ್‌ಗೆ ಓದಿ ಹೇಳಿದೆ. “ಹೂಂ” ಎಂದ. ಅವನು ಶನಿವಾರ ದಾಟಿದ್ದಾನೆ, ಕ್ರಿಸ್ಮಸ್ ದಾಟುವ ಹಟದಲ್ಲಿದ್ದಾನೆ.

ಶನಿವಾರ ಅವನನ್ನು ಗಾಲಿಕುರ್ಚಿಯಲ್ಲಿ ಹಿಮದ ಮೇಲೆ ಹಾಸಿದ್ದ ಕಂಬಳಿಯವರೆಗೆ ತಂದರು. ಬ್ಯಾನರ್ ಮೇಲೇರಿತು. ಅವನ ಎರಡು ಅವಧಿಗೆ ಎರಡು ಸಾಲು, ನಡುವೆ ಒಂದು ಗೇಣು ಖಾಲಿ ಜಾಗ. ಪಕ್ಕದ ನಾಯಕರ ಹಲಗೆಯಲ್ಲಿ ಆ ಖಾಲಿ ಜಾಗದ ಎದುರಿಗೆ ನಿಮ್ಮ ಹೆಸರು. ಬಿಗಿನ್ಸ್ ಧ್ವನಿವರ್ಧಕವನ್ನು ಡೂಗಲ್‌ನ ಬಾಯಿಯ ಬಳಿ ಹಿಡಿದ. ಎರಡು ಸಾವಿರ ಜನ ಎದ್ದು ನಿಂತಿದ್ದರು.

“ನಂಗೆ ಉಸಿರಿಲ್ಲ” ಎಂದ. “ನಂಗೆ ಮಾತಾಡಕ್ಕಾಗ್ದೇ ಇದ್ದಾಗ ಮಾತಾಡೋನು ತೈಸ್ತೊ ಹಕಲಾ. ಅವ್ನು ಬಂದಿಲ್ಲ. ಅದಕ್ಕೆ ಇವತ್ತು ಯಾರೂ ಮಾತಾಡೋದ್ ಬೇಡ.”

ಯಾರೂ ಮಾತನಾಡಲಿಲ್ಲ. ಎಷ್ಟು ಹೊತ್ತು ಎಂದು ಕೇಳಬೇಡಿ, ನಾನು ಗಡಿಯಾರ ನೋಡಲಿಲ್ಲ. ಗೂಡಿನಲ್ಲಿ ನನ್ನ ಹಳೆಯ ಜಾಗವನ್ನು ಒಂದು ದಿನಕ್ಕೆ ಬಿಟ್ಟುಕೊಟ್ಟಿದ್ದರು. ಈಗ ಅಲ್ಲಿ ಒಲೆಯಿದೆ. ತಲೆಯೆತ್ತಿ ಹಿಮವನ್ನೇ ನೋಡುತ್ತಿದ್ದೆ.

ಪುಸ್ತಕ ಪಡೆದವರಿಗೆಲ್ಲ ಕಳುಹಿಸುವ ತಿದ್ದುಪಡಿಯನ್ನು ಕೆಳಗೆ ಬರೆದಿದ್ದೇನೆ. ಮೊದಲ ಪ್ರತಿ ನಿಮ್ಮದು. ಎಸ್ಕೊ ಅದನ್ನು ಅಂಟಿಸಲಿ.

ಎಮ್ಲಿನ್

ತಿದ್ದಿದ ತಾರೀಕುಗಳು

ಪುಟ ೪೧. ಡೂಗಲ್ ಮೆಕ್‌ಆಸ್ಕಿಲ್, ನಾಯಕ: ೮ ಅಕ್ಟೋಬರ್ ೧೯೫೫ರಿಂದ ೧೩ ಜನವರಿ ೧೯೬೨ರವರೆಗೆ, ಮತ್ತೆ ೧೦ ಮಾರ್ಚ್ ೧೯೬೨ರಿಂದ ೨೭ ಮಾರ್ಚ್ ೧೯೬೬ರವರೆಗೆ. ‘ತುಂಡಿಲ್ಲದೆ’ ಎಂಬ ಮಾತನ್ನು ತೆಗೆಯಿರಿ.

ಪುಟ ೪೧. ತೈಸ್ತೊ ಹಕಲಾ, ನಾಯಕ: ೧೮ ಜನವರಿ ೧೯೬೨ರಿಂದ ೮ ಮಾರ್ಚ್ ೧೯೬೨ರವರೆಗೆ. ಹತ್ತೊಂಬತ್ತು ಪಂದ್ಯ. ಬಿಟ್ಟುಹೋಗಿತ್ತು.

ಪುಟ ೪೦. ೧೮ ಜನವರಿ ೧೯೬೨ರ ಪೆನಾಲ್ಟಿ: ‘ಹಕಲಾ’ ಎಂಬಲ್ಲಿ ‘ನಾಯಕ ಹಕಲಾ’ ಎಂದು ಓದಿಕೊಳ್ಳಿ. ಎರಡು ನಿಮಿಷ ಹಾಗೆಯೇ ಇರಲಿ.

ಪುಟ ೭. ನಡುವೆ ತುಂಡಿಲ್ಲದ ದೀರ್ಘ ನಾಯಕತ್ವ: ಆರ್ಮಾನ್ ಟೂಶೆಟ್, ಬ್ಲೈಂಡ್ ಪೋರ್ಟೇಜ್, ಅಕ್ಟೋಬರ್ ೧೯೪೮ರಿಂದ ಮಾರ್ಚ್ ೧೯೫೫ರವರೆಗೆ. ಅವರ ಊರಿಗೆ ತಿಳಿಸಲಾಗಿದೆ. ಅವರು ಆಗಲೇ ಬ್ಯಾನರ್ ಹೊಲಿಸುತ್ತಿದ್ದಾರಂತೆ.

ಪುಟ ೯೨. ಹಕಲಾ ಅವರ ಭುಜ: ೧೧ ಫೆಬ್ರವರಿ ೧೯೬೩. ಅಚ್ಚಾದದ್ದೇ ಸರಿ. ೨೯ ಸೆಪ್ಟೆಂಬರ್ ೧೯೯೭ರಂದು ನಾನು ಕೇಳಿದ ಕ್ಷಮೆಯನ್ನು ಹಿಂದಕ್ಕೆ ಪಡೆದು, ೨೦ ಅಕ್ಟೋಬರ್ ೧೯೯೭ರ ಪತ್ರಕ್ಕೆ ಸಲ್ಲಿಸುತ್ತೇನೆ.

ಪುಟ ೪೧ರ ಕೊನೆಗೆ, ಹೊಸದಾಗಿ. ನೆಸ್ತಾ ಮೆಕ್‌ಆಸ್ಕಿಲ್: ೨೯ ಅಕ್ಟೋಬರ್ ೧೯೬೧ರಿಂದ ೧೪ ಜನವರಿ ೧೯೬೨ರವರೆಗೆ. ಮಣ್ಣು ಮಾಡಿದ್ದು ೫ ಮೇ, ನೆಲದ ಹಿಮ ಕರಗಿದ ಮೇಲೆ. ಒಂದು ಪಂದ್ಯ ನೋಡಿದ್ದಾಳೆ: ೩೦ ಡಿಸೆಂಬರ್ ೧೯೬೧, ಅಂಕಲೇಖಕರ ಗೂಡಿನಿಂದ.